ಬೇಡದ ಸಾಲು

ಮೂರು ಹೆಸರು ಒಳಗೆ ಹೋದವು, ಒಂದೇ ಹೊರಗೆ ಬಂತು.

ಕಂಪ್ಯೂಟರಮ್ಮ ಇನ್ನೊಮ್ಮೆ ಓಡಿಸಿ ನೋಡಿದಳು. ಆಸ್ಪತ್ರೆಯಲ್ಲಿ ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಪರೀಕ್ಷೆಗೆಂದು ಅವಳೇ ಹುಟ್ಟಿಸಿದ್ದ ಸುಳ್ಳು ರೋಗಿಗೆ ಒಗ್ಗದ ಔಷಧಿಗಳು ಮೂರು. ಈ ಹಳೆಯ ಡೇಟಾಬೇಸಿನಲ್ಲಿ ಒಂದೇ ಖಾನೆಯೊಳಗೆ ಎಷ್ಟು ಹೆಸರು ಬೇಕಾದರೂ ಒಂದರ ಕೆಳಗೊಂದು ಕೂರುತ್ತವೆ. ಆ ಮೂರೂ ಅಲ್ಲಿ ಕೂತಿದ್ದವು. ಅವಳು ರೋಗಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಕಳಿಸಿದಳು. ಕೈಗೆ ಕಟ್ಟುವ ಪಟ್ಟಿ ಸರಿಯಾಗಿ ಅಚ್ಚಾಯಿತು. ಆಮೇಲೆ ದಾಖಲೆ ತೆರೆದರೆ ಮೊದಲನೆಯ ಹೆಸರೊಂದೇ ಇತ್ತು. ಉಳಿದೆರಡು ಇದ್ದವೆಂಬ ಗುರುತೂ ಇರಲಿಲ್ಲ.

ಮಧ್ಯಾಹ್ನದ ಮೂರು ಗಂಟೆ. ಕಿಟಕಿಯಾಚೆ ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತ ಹೋಯಿತು.

"ಒಂದೇ ಇತ್ತು ಕಣೇ." ಎರಡು ವರ್ಷದಿಂದ ಅವಳ ಅಕ್ಕ ಮನೆಯಲ್ಲಿ ಹೇಳುತ್ತ ಬಂದ ಮಾತು ಅದು. ಊಟದ ನಡುವೆ, ಬಟ್ಟೆ ಮಡಿಸುವಾಗ, ಯಾರೂ ಕೇಳದೇ ಇದ್ದಾಗ. "ಪರದೆ ಮೇಲೆ ಒಂದೇ ಹೆಸರಿತ್ತು. ಸಲ್ಫಾ. ಅಷ್ಟೇ."

ಅಕ್ಕ ಇದೇ ಆಸ್ಪತ್ರೆಯಲ್ಲಿ ಹದಿನಾರು ವರ್ಷ ನರ್ಸ್ ಆಗಿದ್ದವಳು. ಆ ದಿನ ಹೊಲಿಗೆ ಕೆಲಸದ ಹೆಂಗಸೊಬ್ಬಳನ್ನು ಬೇರೆ ವಾರ್ಡಿನಿಂದ ಅಕ್ಕನ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗೆ ಬದಲಾಯಿಸಿದ್ದರು. ಕಾಲಿನ ಗಾಯಕ್ಕೆ ಡಾಕ್ಟರು ಪೆನಿಸಿಲಿನ್ ಬರೆದರು. ಅಕ್ಕ ಕೈಪಟ್ಟಿ ನೋಡಿದಳು, ಪರದೆ ನೋಡಿದಳು, ಚುಚ್ಚಿದಳು. "ಸಿಸ್ಟರ್, ಬಾಯಲ್ಲಿ ಕಬ್ಬಿಣ ಇಟ್ಟ ಹಾಗಾಗ್ತಿದೆ" ಎಂದಳಂತೆ ಆಕೆ. ಆಮೇಲೆ ಇಪ್ಪತ್ತು ನಿಮಿಷವಷ್ಟೇ ಬದುಕಿದ್ದಳು.

ಆಕೆಯ ಗಂಡ ಸೇರಿಸುವಾಗ ತುಂಬಿಕೊಟ್ಟ ಕಾಗದದಲ್ಲಿ ಸಲ್ಫಾ, ಪೆನಿಸಿಲಿನ್, ಅಯೋಡಿನ್, ಮೂರೂ ಇದ್ದವು. ವಿಚಾರಣೆಯವರು ಕಂಪ್ಯೂಟರ್ ತೆರೆಸಿದರೆ ಅಲ್ಲಿಯೂ ಮೂರೇ ಇದ್ದವು. ಅಕ್ಕ ಕಣ್ಣರಳಿಸಿ ನೋಡುತ್ತ ನಿಂತಳು. ಆಗ ದೊಡ್ಡ ಡಾಕ್ಟರು ಕಂಪ್ಯೂಟರಮ್ಮನ ಕಡೆ ತಿರುಗಿ ಕೇಳಿದ್ದರು: "ಏನಮ್ಮಾ, ಕಂಪ್ಯೂಟರು ಹೆಸರು ನುಂಗಿ ಮತ್ತೆ ಉಗುಳೋದುಂಟಾ?"

"ಹಾಗಾಗೋದಕ್ಕೆ ಸಾಧ್ಯವೇ ಇಲ್ಲ ಸರ್" ಎಂದು ಅವಳೇ ಹೇಳಿದ್ದಳು. ಸ್ವಂತ ಅಕ್ಕನ ಎದುರಿಗೆ ನಿಂತು, ನೇರವಾಗಿ. ಅಕ್ಕನ ಪರ ಸುಳ್ಳು ಹೇಳಿದಳೆಂಬ ಮಾತು ಬರಬಾರದೆಂದು ತುಸು ಗಟ್ಟಿಯಾಗಿಯೇ ಹೇಳಿದ್ದಳು. ಅಕ್ಕನ ಕೆಲಸ ಹೋಗಿತ್ತು.

ಈಗ ಅವಳು ಕೈಪಟ್ಟಿಯ ಸಬ್‌ರೂಟೀನ್ ತೆರೆದಳು. ಹೊಸ ಯಂತ್ರಕ್ಕೆ ಸಾಗಿಸಬೇಕಾದ ನಾನೂರು ಪ್ರೋಗ್ರಾಮುಗಳಲ್ಲಿ ಅದೂ ಒಂದು. ಬೇರೆ ಪ್ರೋಗ್ರಾಮುಗಳು ಕರೆದಾಗ ಬಂದು ಒಂದು ಚಿಕ್ಕ ಕೆಲಸ ಮಾಡಿಕೊಡುವಂಥದ್ದು, ಬರೀ ಹನ್ನೆರಡು ಸಾಲು. ಕೈಪಟ್ಟಿ ಕಿರಿದು, ಆದ್ದರಿಂದ ಹೆಸರುಗಳ ಪಟ್ಟಿಯಲ್ಲಿ ಮೊದಲನೆಯದನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸುವುದು ಅದರ ಕೆಲಸ. ಕತ್ತರಿಸುತ್ತಿದ್ದುದು ಅಸಲು ಪಟ್ಟಿಯನ್ನೇ. ಕೆಲಸ ಒಪ್ಪಿಸಿದ ಪ್ರೋಗ್ರಾಮ್ ಏನೂ ಅರಿಯದೆ, ಕತ್ತರಿಸಿದ ಪಟ್ಟಿಯನ್ನೇ ಮತ್ತೆ ದಾಖಲೆಗೆ ಬರೆದುಬಿಡುತ್ತಿತ್ತು.

ಇದನ್ನು ಮೇಷ್ಟ್ರು ಬರೆದಿರಬೇಕು ಎಂದುಕೊಂಡಳು. ಅವಳಿಗೆ ಈ ಕೆಲಸ ಕಲಿಸಿ ನಿವೃತ್ತರಾದವರು ಅವರು. ಹಾಗೆಂದುಕೊಂಡಾಗ ಎದೆ ಒಂಚೂರು ಹಗುರಾಯಿತು. ಆ ಹಗುರಕ್ಕೆ ಆಮೇಲೆ ಅವಳು ಬಹಳ ದಿನ ನಾಚಿದಳು.

ಫೋನು ಎತ್ತಿದ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಕೈಪಟ್ಟೀದಾ? ಅದು ಸಬ್‌ರೂಟೀನ್ ಅಲ್ಲಮ್ಮ, ಫಂಕ್ಷನ್."

"ಈಗ ಸಬ್‌ರೂಟೀನ್ ಆಗಿದೆ ಮೇಷ್ಟ್ರೇ."

"ನಾನು ಫಂಕ್ಷನ್ನೇ ಬರ್ದಿದ್ದು. ನಿಂಗೆ ಹೇಳಿರಲಿಲ್ವಾ? ಫಂಕ್ಷನ್ ಅನ್ನೋನು ಬಾಗಿಲಲ್ಲೇ ನಿಂತು, ಕೇಳಿದ್ದಕ್ಕೆ ಒಂದು ಉತ್ತರ ಕೊಟ್ಟು ಹೋಗಬೇಕು. ಸಬ್‌ರೂಟೀನ್ ಹಾಗಲ್ಲ, ಅಡುಗೆಮನೆವರೆಗೂ ಬರ್ತಾನೆ. ಬಂದ್ಮೇಲೆ ಡಬ್ಬೀಲಿ ಏನು ತೆಗೆದ, ಏನು ಹಾಕ್ದ ಅಂತ ನೀನೇ ನೋಡ್ಕೋಬೇಕು."

"ಫಂಕ್ಷನ್‌ಗೂ ಡಬ್ಬಿ ಕೈಗೆ ಸಿಗುತ್ತಲ್ವಾ?"

"ಸಿಗುತ್ತೆ. ಅದಕ್ಕೇ ಮೊದಲನೇ ಸಾಲಲ್ಲೇ ಪಟ್ಟೀನ ನಕಲು ಮಾಡ್ಕೊಂಡಿದ್ದೆ. ಕತ್ತರಿಸೋದೆಲ್ಲ ನಕಲಲ್ಲಿ. ಅಸಲು ರೋಗೀದು, ನಮ್ಮಪ್ಪಂದಲ್ಲ." ಮೇಷ್ಟ್ರು ನಕ್ಕು ತಟ್ಟನೆ ನಿಲ್ಲಿಸಿದರು. "ಯಾಕೆ? ಆ ಸಾಲು ಇಲ್ವಾ?"

ಅವಳು ಪರದೆಯನ್ನು ಮೇಲಕ್ಕೆ ಸರಿಸಿದಳು. ಪ್ರೋಗ್ರಾಮಿನ ತಲೆಯಲ್ಲೇ ಬರೆದಿತ್ತು: ಏಳು ವರ್ಷದ ಹಿಂದಿನ ತಾರೀಖು, ಅವಳದೇ ಹೆಸರಿನ ಮೊದಲಕ್ಷರಗಳು, ಕೆಳಗೊಂದು ಟಿಪ್ಪಣಿ. 'ಫಂಕ್ಷನ್ ಇದ್ದದ್ದನ್ನು ಸಬ್‌ರೂಟೀನ್ ಮಾಡಿದೆ. ಬೇಡದ ಸಾಲು ತೆಗೆದಿದೆ.'

ನೆನಪಾಯಿತು. ಫಂಕ್ಷನ್ ಆದರೆ ಅದನ್ನು ಬಳಸುವ ಪ್ರತಿ ಪ್ರೋಗ್ರಾಮಿನ ಆರಂಭದಲ್ಲೂ ಇಂಥದ್ದೊಂದು ಇದೆ ಎಂದು ಸಾರಬೇಕು. ಸಬ್‌ರೂಟೀನಿಗೆ ಆ ಗೋಜಿಲ್ಲ, ಕರೆದರೆ ಬರುತ್ತದೆ. ಮನೆಗೆ ಹೋಗುವ ಹೊತ್ತಾಗಿತ್ತು. ಎಲ್ಲ ಒಂದೇ ಥರ ಇರಲಿ ಎಂದು ಬದಲಾಯಿಸಿದ್ದಳು. ನಕಲು ಮಾಡಿಕೊಳ್ಳುವ ಸಾಲು ಕಂಡು, ಮುದುಕರಿಗೆ ಎಲ್ಲದಕ್ಕೂ ಎರಡೆರಡು ಬೀಗ ಎಂದು ನಕ್ಕಿದ್ದಳು.

"ಇದ್ದೀಯೇನಮ್ಮಾ?" ಎಂದರು ಮೇಷ್ಟ್ರು.

"ನಾನೇ ತೆಗೆದಿದ್ದೀನಿ ಮೇಷ್ಟ್ರೇ."

ಅತ್ತ ಕಡೆ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು. ವಿಚಾರಣೆಯ ಸಂಗತಿ ಅವರಿಗೂ ಗೊತ್ತಿತ್ತು.

ಸಾಲನ್ನು ಮತ್ತೆ ಸೇರಿಸಿದ ಮೇಲೆ ಅವಳು ಹೊಲಿಗೆಯವಳು ಸತ್ತ ದಿನ ಕಂಪ್ಯೂಟರು ತೆಗೆದಿಟ್ಟಿದ್ದ ದಾಖಲೆಯ ಹಳೆಯ ಪ್ರತಿಗಳನ್ನು ತೆಗೆದಳು. ಬೆಳಿಗ್ಗೆ ಎಂಟಕ್ಕೆ ಮೂರು ಹೆಸರು. ಹನ್ನೊಂದೂ ಹತ್ತಕ್ಕೆ ವಾರ್ಡು ಬದಲು, ಆಗಿನಿಂದ ಒಂದು. ಸಂಜೆ ನಾಲ್ಕಕ್ಕೆ ದಾಖಲೆ ವಿಭಾಗದ ಗುಮಾಸ್ತ ಕಾಗದದೊಡನೆ ತಾಳೆ ನೋಡಿ ಬಿಟ್ಟುಹೋದ ಎರಡನ್ನೂ ತುಂಬಿದ್ದ. ಪಾಪ, ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದ. ಹೊಲಿಗೆಯವಳ ದಾಖಲೆ ಇನ್ನೂ ತೆರೆಯುತ್ತಿತ್ತು. ಸತ್ತಾಗ ಆಕೆಗೆ ಮೂವತ್ತೈದು. ಹುಟ್ಟಿದ ತಾರೀಖಿನಿಂದ ವಯಸ್ಸು ಲೆಕ್ಕ ಹಾಕುವ ಪ್ರೋಗ್ರಾಮಿಗೆ ಸಾವು ಗೊತ್ತಿರಲಿಲ್ಲ. ಪರದೆಯ ಮೇಲೆ ಆಕೆಗೆ ಮೂವತ್ತೇಳು ತುಂಬಿತ್ತು.

ಕಂಪ್ಯೂಟರಮ್ಮ ಆ ಅಂಕಿಯನ್ನೇ ನೋಡುತ್ತ ಕೂತಳು. ಯಾರೋ ಬೆನ್ನ ಹಿಂದೆ ನಿಂತು ತಾನೂ ಅದನ್ನು ಓದುತ್ತಿರುವಂತೆ ಅನ್ನಿಸಿ ತಿರುಗಿದಳು. ಖಾಲಿ ಕುರ್ಚಿ, ಅದರ ಮೇಲೆ ಅವಳದೇ ಶಾಲು.

ದೊಡ್ಡ ಡಾಕ್ಟರು ಕೇಳಿ ಕನ್ನಡಕ ತೆಗೆದರು. "ಸರಿ ಮಾಡಿದ್ದೀರಲ್ಲ? ಮುಗೀತು. ಎರಡು ವರ್ಷದ ಹುಣ್ಣನ್ನ ಯಾಕಮ್ಮಾ ಕೆರೀತೀರಿ?"

"ಮುಗಿದಿಲ್ಲ ಸರ್. ಹೀಗೆ ಹೆಸರು ಕಳ್ಕೊಂಡೋರು ಇನ್ನೂ ನಲವತ್ತೊಂದು ಜನ ಇದ್ದಾರೆ. ಕಾಗದ ನೋಡಿ ಇವತ್ತೇ ತುಂಬಬೇಕು." ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಇನ್ನೊಂದು ಹಾಳೆ ಇಟ್ಟಳು. "ಇದು ನನ್ನ ಹೇಳಿಕೆ. ಸಹಿ ಹಾಕಿದ್ದೀನಿ."

"ನಿಮ್ಮ ಕೆಲಸ ಹೋಗಬಹುದು, ಗೊತ್ತಲ್ಲ?"

"ಗೊತ್ತು ಸರ್."

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಚೀಟಿಯನ್ನು ಬೆರಳಿಟ್ಟು ಓದುತ್ತಿದ್ದಳು. ಎರಡು ವರ್ಷದಿಂದ ಅವಳು ಏನನ್ನೂ ಮೂರು ಸಲ ಓದದೆ ಮುಟ್ಟುತ್ತಿರಲಿಲ್ಲ.

"ಅಕ್ಕಾ, ಒಂದೇ ಇತ್ತು."

ಅಕ್ಕ ತಿರುಗಲಿಲ್ಲ. "ಏನು?"

"ಪರದೆ ಮೇಲೆ. ನೀನು ಹೇಳಿದ ಹಾಗೆ ಒಂದೇ ಹೆಸರಿತ್ತು." ಕಂಪ್ಯೂಟರಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಾನು ತೆಗೆದ ಸಾಲನ್ನೂ, ಆಗ ನಕ್ಕಿದ್ದನ್ನೂ ಸೇರಿಸಿ. ಯಾವುದಕ್ಕೂ ಉಪ್ಪುಕಾರ ಹಚ್ಚಲಿಲ್ಲ, ಯಾವುದನ್ನೂ ಬಚ್ಚಿಡಲಿಲ್ಲ.

ಅಕ್ಕ ಡಬ್ಬಿಯನ್ನು ಕೆಳಗಿಟ್ಟಳು. "ನಾನು ಮೂರು ಸಲ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ, ಗೊತ್ತಾ ನಿಂಗೆ?" ಎಂದಳು. "ಯಾರಿಗೂ ಹೇಳದೆ. ಕಣ್ಣು ಚೆನ್ನಾಗಿದೆ ಅಂದ್ರು. ಹಾಗಿದ್ರೆ ಕೆಟ್ಟಿರೋದು ತಲೆ ಅಂದ್ಕೊಂಡೆ. ಆ ಹೆಂಗಸು ದಿನಾ ಬಂದು ಹಾಸಿಗೆ ಅಂಚಲ್ಲಿ ಕೂತ್ಕೋತಾಳೆ ಕಣೇ. ಬೈಯಲ್ಲ. ಕೈ ಮುಂದೆ ಚಾಚಿ, ಓದು ಸಿಸ್ಟರ್ ಅಂತಾಳೆ. ನಾನು ಓದ್ತೀನಿ. ಒಂದೇ ಇರುತ್ತೆ."

"ಅಕ್ಕಾ..."

"ಎಲ್ಲರೂ ಹೇಳ್ಲಿ, ಪರವಾಗಿಲ್ಲ. ನೀನು ಹೇಳ್ಬಿಟ್ಯಲ್ಲ, ಸಾಧ್ಯವೇ ಇಲ್ಲ ಅಂತ." ಅಕ್ಕನ ದನಿ ಏರಲೇ ಇಲ್ಲ. "ಒಂದ್ಸಲ ನೋಡ್ತೀನಿ ಅಂತಾದ್ರೂ ಅನ್ನಬಹುದಿತ್ತು."

ಆಮೇಲೆ ಅವಳು ಮಾತಾಡಲಿಲ್ಲ. ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ. ಇಬ್ಬರ ತಟ್ಟೆಗೂ ಬಡಿಸುತ್ತಿದ್ದಳು, ತಾನು ಒಳಗೆ ಹೋಗಿ ಉಣ್ಣುತ್ತಿದ್ದಳು.

ವಿಚಾರಣೆ ಮತ್ತೆ ತೆರೆಯಿತು. ಹೊಲಿಗೆಯವಳ ಗಂಡ ಬಂದು, ಹಳೆಯ ಪ್ರತಿಗಳ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಕೂತ. ಎಲ್ಲ ಮುಗಿದ ಮೇಲೆ ಹೊರಗೆ ಅಕ್ಕನ ಎದುರು ನಿಂತು, "ನಿಮಗೆ ಒಂದು ಕಾಗದ ಬರ್ದಿದ್ದೆ, ಶಾಪ ಹಾಕಿ. ಸಿಕ್ಕಿತ್ತಾ?" ಎಂದ.

"ಸಿಕ್ಕಿತ್ತು."

"ಹರಿದು ಹಾಕಿ."

ಕಂಪ್ಯೂಟರಮ್ಮನ ಕಡೆಗೂ ಒಮ್ಮೆ ನೋಡಿದ. ಅವಳು ಕೈಮುಗಿದಳು. ಅವನು ಮೆಟ್ಟಿಲಿಳಿದು ಹೋದ.

ಅವಳ ಕೆಲಸ ಹೋಗಲಿಲ್ಲ. ಬಡ್ತಿ ಹೋಯಿತು, ಇನ್ನು ಮುಂದೆ ಅವಳು ಬರೆದದ್ದನ್ನು ಇನ್ನೊಬ್ಬರು ನೋಡಬೇಕೆಂದಾಯಿತು. ಅಕ್ಕನನ್ನು ಪತ್ರ ಬರೆದು ಕೆಲಸಕ್ಕೆ ಮರಳಿ ಕರೆದರು. ಮೂರು ವಾರ ಅವಳು ಆ ಪತ್ರಕ್ಕೆ ಉತ್ತರ ಕೊಡಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಎದ್ದು ಸಮವಸ್ತ್ರಕ್ಕೆ ಇಸ್ತ್ರಿ ಹಾಕತೊಡಗಿದಳು.

ಹೊಸ ಯಂತ್ರ ಜೋಡಿಸಲು ಕಂಪ್ಯೂಟರಮ್ಮ ಆ ವಾರ ವಾರ್ಡಿಗೆ ಹೋಗಬೇಕಾಯಿತು. ಬಾಗಿಲಲ್ಲಿ ತಂತಿಯ ಸುರುಳಿ ಹಿಡಿದು ನಿಂತಳು. ಒಳಗೆ ಮುದುಕಿಯೊಬ್ಬಳನ್ನು ಆಗಷ್ಟೇ ಕಿಟಕಿ ಪಕ್ಕದ ಹಾಸಿಗೆಗೆ ತಂದಿದ್ದರು. ಅಕ್ಕ ಕೈಪಟ್ಟಿ ಓದಿದಳು, ಪರದೆ ಓದಿದಳು. ಸಿರಿಂಜನ್ನು ಟ್ರೇಯಲ್ಲಿ ಹಾಗೇ ಇಟ್ಟು, ಸ್ಟೂಲು ಎಳೆದುಕೊಂಡು ಮುದುಕಿಯ ಮುಖದ ಹತ್ತಿರ ಕೂತಳು.

"ಅಜ್ಜೀ, ನಿಮಗೆ ಯಾವ್ಯಾವ ಔಷಧಿ ಆಗಲ್ಲ? ನೀವೇ ಹೇಳಿ."

ಮುದುಕಿ ಹೊದಿಕೆಯಿಂದ ಕೈ ಹೊರತೆಗೆದು, ಒಂದು ಬೆರಳು ಮಡಿಸಿದಳು. ಇನ್ನೊಂದು ಮಡಿಸಿದಳು. ಆಮೇಲೆ ಸೂರು ನೋಡುತ್ತ ಯೋಚಿಸತೊಡಗಿದಳು. ಅಕ್ಕ ಅವಸರ ಮಾಡಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಾಯುತ್ತ ಕೂತಳು.