ರೂಪಕ್ಕೆ ಹತ್ತಕ್ಕೆ ಹತ್ತು

ನಿಮ್ಮ ಮಗು ಆಟದ ಪಾಠದಲ್ಲಿ ಹತ್ತಕ್ಕೆ ಹತ್ತು ತಂದಾಗ, ಅದು ಯಾವುದಕ್ಕೆ ಬಂದ ಅಂಕವೆಂದು ಒಂದು ದಿನವಾದರೂ ವಿಚಾರಿಸಿದ್ದೀರಾ? ವಿಚಾರಿಸಿರಲಾರಿರಿ. ನೆರೆಮನೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿರುತ್ತೀರಿ, ಅಷ್ಟೆ.

ನಮ್ಮ ಬಡಾವಣೆಯ ಶಾಲೆಗೊಂದು ಆದೇಶ ಬಂತು: ವ್ಯಾಯಾಮದ ಪಾಠದಲ್ಲೂ ಇನ್ನು ರೂಪಣಾತ್ಮಕ ಮೌಲ್ಯಮಾಪನ ನಡೆಯತಕ್ಕದ್ದು. ಮಗು ಕಲಿಯುತ್ತಿರುವಾಗಲೇ ತಪ್ಪನ್ನು ಗುರುತಿಸಿ, ತಿದ್ದಿ, ಮತ್ತೆ ಮಾಡಿಸಬೇಕು ಎಂಬುದಿಷ್ಟೇ ಆ ಉದ್ದನೆಯ ಮಾತಿನ ಅರ್ಥ. ಮುಖ್ಯೋಪಾಧ್ಯಾಯಿನಿಯವರ ಕಣ್ಣು ಮಾತ್ರ ಮೊದಲೆರಡು ಅಕ್ಷರಗಳಿಗೇ ಅಂಟಿಕೊಂಡಿತು.

"ರೂಪಣ ಅಂದ್ರೆ ರೂಪ ತಾನೇ ಮೇಷ್ಟ್ರೇ? ಬೂಟು, ಇಸ್ತ್ರಿ, ನಿಲುವು. ಮಕ್ಕಳು ಲಕ್ಷಣವಾಗಿ ಕಾಣ್ಬೇಕು. ಫೋಟೋ ತೆಗೆದು ಅಂಕ ಹಾಕಿ."

"ಮತ್ತೆ ಓಟ, ಜಿಗಿತ, ಮೇಡಂ?"

"ಜಿಗಿದ್ರೆ ಫೋಟೋ ಮಸುಕಾಗುತ್ತೆ ಕಣ್ರೀ. ಜಿಗಿಯೋ ಹಾಗೆ ನಿಲ್ಸಿ!"

ವ್ಯಾಯಾಮ ಶಿಕ್ಷಕರಿಗೆ ನಿಜವಾದ ಅರ್ಥ ತಿಳಿದಿತ್ತು. ಆದರೆ ಮೇಲಿನವರ ಮುಂದೆ ಗಂಟಲಲ್ಲೇ ಮಾತು ನುಂಗುವ ಕಸರತ್ತಿನಲ್ಲಿ ಅವರು ಪಳಗಿದವರು. ಮರುದಿನದಿಂದ ಮೈದಾನದಲ್ಲಿ ಮಕ್ಕಳು ಒಂಟಿಕಾಲಿನ ಕೊಕ್ಕರೆಗಳಾದರು.

"ಲೋ, ಹೊಟ್ಟೆ ಒಳಗೆ! ನೀನು, ನಗು! ಓಡ್ತಾ ಇರೋನ ಹಾಗೆ ನಗು!"

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ. ಗೆಳತಿಯರು ಅವಳನ್ನು 'ಮಿಡತೆ' ಎನ್ನುತ್ತಿದ್ದರು. ಉದ್ದಜಿಗಿತದ ತಂಡಕ್ಕೆ ಸೇರುವುದೊಂದೇ ಅವಳ ಹಂಬಲ. ಹಾರುವುದೇನೋ ಎಲ್ಲರಿಗಿಂತ ದೂರ. ಆದರೆ ಓಡಿಬಂದ ಪಾದ ಪ್ರತಿ ಸಲವೂ ಜಿಗಿಯುವ ಗುರುತಿನ ಹಲಗೆಯನ್ನು ದಾಟಿಬಿಡುತ್ತಿತ್ತು; ದಾಟಿದರೆ ಆ ಜಿಗಿತ ಲೆಕ್ಕಕ್ಕಿಲ್ಲ. ಶಿಕ್ಷಕರು ಅದನ್ನು ಕಂಡಿದ್ದರು. ಒಂದೇ ವಾಕ್ಯದಲ್ಲಿ ತಿದ್ದಬಹುದಾದ ತಪ್ಪು.

"ಸರ್, ನಾನು ಹಾರೋದನ್ನ ಒಂದ್ಸಲ ನೋಡಿ ಹೇಳ್ತೀರಾ?"

"ಹೇಳೋದೇನಮ್ಮಾ? ನಿನ್ನ ಫೋಟೋ ಚಿನ್ನದ ಹಾಗೆ ಬಂದಿದೆ. ಹತ್ತಕ್ಕೆ ಹತ್ತು."

"ಹಾಗಾದ್ರೆ ಸರಿಯಾಗೇ ಹಾರ್ತಿದ್ದೀನಾ?"

ಶಿಕ್ಷಕರು ಫೋನಿನ ಗಾಜನ್ನು ಒರೆಸುತ್ತ, "ಹ್ಞೂಂ" ಎಂದರು.

ಆ 'ಹ್ಞೂಂ' ಅನ್ನು ನಂಬಿಕೊಂಡೇ ಹುಡುಗಿ ತಂಡದ ಆಯ್ಕೆಗೆ ಹೋದಳು. ಮೂರು ಅವಕಾಶ, ಮೂರು ಸಲವೂ ಕೆಂಪು ಬಾವುಟ. ತೀರ್ಪುಗಾರ್ತಿ ಬೇರೆ ಶಾಲೆಯವರು; ಮರಳುಗುಂಡಿಯ ಪಕ್ಕದಲ್ಲೇ ತಲೆ ಚಚ್ಚಿಕೊಂಡರು.

"ಅಯ್ಯೋ, ಒಂದು ಹೆಜ್ಜೆ ಹಿಂದಿನಿಂದ ಓಡು ಅಂತ ಈ ಮಗೂಗೆ ಯಾರೂ ಹೇಳ್ಲಿಲ್ವಾ? ಇವಳೇ ಮೊದಲು ಬರ್ತಿದ್ಲಲ್ರೀ!"

ಹುಡುಗಿ ಮರಳನ್ನು ಕೊಡವಿಕೊಳ್ಳಲೂ ಇಲ್ಲ. ನೇರವಾಗಿ ತನ್ನ ಶಿಕ್ಷಕರ ಮುಂದೆ ಬಂದು ನಿಂತಳು.

"ಸರ್, ನಿಮಗೆ ಗೊತ್ತಿತ್ತಾ?"

ಶಿಕ್ಷಕರು ಮತ್ತೆ ಫೋನಿನ ಗಾಜನ್ನು ಒರೆಸತೊಡಗಿದರು. ಆಯ್ಕೆ ನೋಡಲೆಂದು ಜೊತೆಗಿದ್ದ ಮುಖ್ಯೋಪಾಧ್ಯಾಯಿನಿಯವರೇ ನಡುವೆ ಬಂದು ಅವಳ ಗಲ್ಲ ಎತ್ತಿದರು: "ಅಳಬಾರ್ದು ಪುಟ್ಟಿ, ರೂಪ ಕೆಡುತ್ತೆ."

ಅರಿಯದೆ ಕೆಡಿಸಿದವರಿಗೆ ತಿಳಿಹೇಳಬಹುದು. ಅರಿತೂ ಸುಮ್ಮನಿದ್ದವರ ವಿಷಯದಲ್ಲಿ ನನಗೆ ಆ ಸಹನೆಯಿಲ್ಲ. ಆದ್ದರಿಂದ ನಾಳೆ ಆಟದ ಅವಧಿಗೆ ನಿಮ್ಮ ಮಗುವಿನ ಶಾಲೆಗೆ ಹೋಗಿ, ಮೈದಾನದ ಅಂಚಿನಲ್ಲಿ ನಿಂತು ನೋಡಿ. ಎಡವಿದ ಮಗುವಿಗೆ ಶಿಕ್ಷಕರು ಏನನ್ನೂ ಹೇಳದಿದ್ದರೆ, ದಯವಿಟ್ಟು ಒಳಗೆ ನಡೆದು, ಅಲ್ಲೇ, ಆ ಮಗುವಿನ ಎದುರಿಗೇ, ಅವರ ಬಾಯಿ ಬಿಡಿಸಿ.