ಎಡಬಿಡಂಗಿಯ ಪಾಲು

ಕೊಡಲಿ ಬಿದ್ದದ್ದು ಶನಿವಾರ ಮಧ್ಯಾಹ್ನ ನಾಲ್ಕೂ ಹತ್ತಕ್ಕೆ. ಅದು ಕಣ್ಣಿಗೆ ಬಿದ್ದದ್ದೇ ತಡ, ಇಪ್ಪತ್ತು ಜನರ ಬಾಯಿಗೂ ಬೀಗ.

ಅಲ್ಲಿಯವರೆಗೆ ಹೆಡ್‌ಫೋನಿನಲ್ಲಿ ಸಂತೆಯೇ ನೆರೆದಿತ್ತು. ಏಳು ತಿಂಗಳಿಂದ ಪ್ರತಿ ಶನಿವಾರ ಈ ಆನ್‌ಲೈನ್ ಆಟದಲ್ಲಿ ಎಲ್ಲರನ್ನೂ ನೆಲಕ್ಕೆ ಹಾಕಿ ತುಳಿಯುತ್ತಿದ್ದ ಕಬ್ಬಿಣದ ರಾಕ್ಷಸ ಕೊನೆಗೂ ಮಗುಚಿಕೊಂಡನಲ್ಲ ಎಂದು ಒಬ್ಬ ಶಿಳ್ಳೆ ಹಾಕುತ್ತಿದ್ದ, ಇನ್ನೊಬ್ಬ ಮೇಜು ಕುಟ್ಟುತ್ತಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಲೂಟಿಯ ಪೆಟ್ಟಿಗೆ ತೆರೆಯಿತು. ಒಳಗಿದ್ದದ್ದು ಒಂದೇ ಒಂದು ವಸ್ತು. ಪಕ್ಕದಲ್ಲಿ ಗಡಿಯಾರ ಓಡತೊಡಗಿತು. ಐದು ನಿಮಿಷದೊಳಗೆ ಯಾರ ಹೆಸರಿಗಾದರೂ ಹಾಕದಿದ್ದರೆ ಕೊಡಲಿ ಮಾಯ. ಹಾಗೆ ಹಾಕುವ ಗುಂಡಿ ಇದ್ದದ್ದು ಸೊಸೆಯ ಪರದೆಯಲ್ಲಿ ಮಾತ್ರ.

ಒಟ್ಟಿಗೆ ಆಡುವ ಈ ಇಪ್ಪತ್ತು ಜನರ ದಂಡಿಗೆ ಸೊಸೆಯೇ ಒಡತಿ. ವಾರವೆಲ್ಲ ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜುವವಳು. ಕೂದಲೆಳೆ ಹೆಚ್ಚುಕಮ್ಮಿಯಾದರೂ ಗಾಜು ಚೌಕಟ್ಟಿಗೆ ಕೂರುವುದಿಲ್ಲ. ಅದೇ ಬುದ್ಧಿಯನ್ನು ಆಟಕ್ಕೂ ತಂದಿದ್ದಳು. ಮುಖ ನೋಡದ ಇಪ್ಪತ್ತು ಜನ ಸೇರಿ ಒಬ್ಬ ರಾಕ್ಷಸನನ್ನು ಕೆಡವುವುದು ಹೇಗೋ ಆಗುತ್ತದೆ. ಅವನಿಂದ ಉದುರಿದ್ದನ್ನು ಜಗಳವಿಲ್ಲದೆ ಹಂಚಿಕೊಳ್ಳುವುದಿದೆಯಲ್ಲ, ಅದು ಹುಡುಗಾಟವಲ್ಲ. ಒಂದು ಉಂಗುರಕ್ಕಾಗಿ ಚೂರುಚೂರಾದ ದಂಡುಗಳು ಬೇಕಾದಷ್ಟಿವೆ. ಇವಳ ದಂಡು ಮೂರು ವರ್ಷ ಬಾಳಿತ್ತು.

ಅದೇ ದಂಡಿನಲ್ಲಿ, ಗೋಡೆಯಾಚೆಯ ಕೋಣೆಯಲ್ಲಿ ಕೂತು, ಅವಳ ಅತ್ತೆಯೂ ಆಡುತ್ತಿದ್ದರು. ಅತ್ತೆ ಬಾಯಿ ಬಿಟ್ಟರೆ ಸೊಸೆಗೆ ಎರಡು ಸಲ ಕೇಳುತ್ತಿತ್ತು, ಮೊದಲು ಗೋಡೆಯಿಂದ, ಆಮೇಲೆ ಹೆಡ್‌ಫೋನಿನಿಂದ.

ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲರ್ ಕೂರಿಸಿದವರು. ಮಂಡಿ ಆಪರೇಷನ್ ಆಗಿ ಮಲಗಿದ್ದಾಗ ಹೊತ್ತು ಹೋಗಲೆಂದು ಸೊಸೆಯೇ ಈ ಆಟದ ರುಚಿ ಹತ್ತಿಸಿದ್ದು. ಉಡುಪು ಚೆನ್ನಾಗಿದೆ ಎಂದು ಅತ್ತೆ ಆರಿಸಿಕೊಂಡದ್ದು ಎರಡು ಕೆಲಸದ ಪಾತ್ರ. ಅದು ಕೊಡಲಿ ಹಿಡಿದು ಹೊಡೆಯಲೂ ಬಲ್ಲದು, ಗಾಯವಾದವರಿಗೆ ಔಷಧ ಹಾಕಲೂ ಬಲ್ಲದು. ಅತ್ತೆಗೆ ಬೇಕಾದದ್ದು ಹೊಡೆಯುವುದು. "ಮೂವತ್ತು ವರ್ಷ ಸೂಪರ್‌ವೈಸರ್ ಹೇಳಿದ್ದಕ್ಕೆಲ್ಲ ತಲೆ ಆಡ್ಸಿದೀನಿ. ಈಗ ಯಾರಿಗಾದ್ರೂ ನಾಲ್ಕು ಬಿಡ್ಬೇಕು" ಅನ್ನುತ್ತಿದ್ದರು. ಆದರೆ ದಂಡಿನಲ್ಲಿ ವೈದ್ಯರಿಗೇ ಬರ. "ಒಂದೆರಡು ವಾರ ಔಷಧ ಹಾಕಿ ಅತ್ತೆ" ಎಂದು ಸೊಸೆ ಕೇಳಿಕೊಂಡದ್ದು ಹದಿನಾಲ್ಕು ತಿಂಗಳಿಗೆ ಬೆಳೆಯಿತು.

ವೈದ್ಯರ ವಸ್ತು ಬಿದ್ದರೆ, ಬೇರೇನೂ ಬಾರದ ಅಪ್ಪಟ ವೈದ್ಯರಿಗೆ ಮೊದಲು ಹೋಗಲಿ ಎನ್ನುವರು. ಹೊಡೆಯುವವರ ವಸ್ತು ಬಿದ್ದರೆ, ನೀವು ವೈದ್ಯರಲ್ಲವಾ ಎನ್ನುವರು. ಅತ್ತೆಯ ಚೀಲದಲ್ಲಿದ್ದದ್ದೆಲ್ಲ ಯಾರಿಗೂ ಬೇಡವಾದ ಸಾಮಾನು. ಅವರಿಗೆ 'ಎಡಬಿಡಂಗಿ ಆಂಟಿ' ಎಂದು ಹೆಸರು ಬೇರೆ ಇಟ್ಟಿದ್ದರು, ಪ್ರೀತಿಯಿಂದಲೇ. ಅತ್ತೆಯೂ ನಗುತ್ತಿದ್ದರು. ನಗದೆ ಇನ್ನೇನು ಮಾಡುತ್ತಾರೆ, ಪಾಪ.

ಹಿಂದೊಮ್ಮೆ ಇಂಥದೇ ಎರಡು ಕೆಲಸದ ಪಾತ್ರದವನೊಬ್ಬ ಎರಡೂ ಕಡೆಯ ಲೂಟಿ ಬಾಚಿಕೊಂಡು ಕಂಬಿ ಕಿತ್ತಿದ್ದ. ಆಗ ಸೊಸೆ ಒಂದು ನಿಯಮ ಬರೆದಳು. ರಾಕ್ಷಸ ಸಾಯುವ ಗಳಿಗೆಯಲ್ಲಿ ನೀವು ಯಾವ ಕೆಲಸದಲ್ಲಿದ್ದೀರೋ, ಆ ಕೆಲಸದ ವಸ್ತುವಿಗಷ್ಟೇ ನಿಮ್ಮ ಹಕ್ಕು. ಎಲ್ಲರೂ ಒಪ್ಪಿದರು. ಅತ್ತೆಯೂ ಒಪ್ಪಿದರು.

ಈ ಶನಿವಾರ ದಂಡಿನಲ್ಲಿದ್ದ ಬೇಕರಿಯವನೊಬ್ಬ ವೈದ್ಯನಾಗಿ ಬರುತ್ತೇನೆ ಎಂದಿದ್ದ. "ಇವತ್ತು ನೀವು ಹೊಡೆಯೋಕೆ ಬನ್ನಿ ಅತ್ತೆ. ಕೊಡಲಿ ಬಿದ್ರೆ ಮೊದಲ ಸರದಿ ನಿಮ್ಮದೇ" ಎಂದು ಬೆಳಿಗ್ಗೆ ಟೀ ಕುಡಿಯುವಾಗ ಸೊಸೆ ಹೇಳಿದಳು. ಅತ್ತೆ ಹನ್ನೆರಡಕ್ಕೇ ಊಟ ಮುಗಿಸಿ ಬಂದು ಕೂತಿದ್ದರು.

ಹೊಡೆದರೂ ಹೊಡೆದರು. ಗೋಡೆಯಾಚೆ ಕೀಲಿಮಣೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ರಾಕ್ಷಸನ ಪ್ರಾಣ ನೂರರಲ್ಲಿ ನಾಲ್ಕು ಪಾಲಿಗೆ ಇಳಿಯಿತು. ಆಗಲೇ ಬೇಕರಿಯವನು ಬೆಂಕಿಯ ಗೆರೆ ತುಳಿದು ಸತ್ತ. ನೋಡನೋಡುತ್ತಲೇ ಎಲ್ಲರ ಪ್ರಾಣವೂ ಸೋರತೊಡಗಿತು. ಹೊಡೆಯುತ್ತಿದ್ದವರಲ್ಲಿ ಒಬ್ಬರು ಈಗಿಂದೀಗಲೇ ಔಷಧಕ್ಕೆ ಬದಲಾಗಬೇಕು. ಬದಲಾದರೆ ಹೋರಾಟ ಮುಗಿಯುವವರೆಗೆ ಮರಳುವಂತಿಲ್ಲ.

ಬದಲಾಗಬಲ್ಲವರು ಇಬ್ಬರಿದ್ದರು. ಒಬ್ಬರು ಅತ್ತೆ, ಇನ್ನೊಬ್ಬ ಎಲೆಕ್ಟ್ರಿಷಿಯನ್. ಎರಡು ತಿಂಗಳ ಹಿಂದೆ ಬೇರೊಬ್ಬ ರಾಕ್ಷಸನ ಎದುರು ಹೀಗೇ ಕರೆದಾಗ ಎಲೆಕ್ಟ್ರಿಷಿಯನ್ ಬದಲಾಗಿದ್ದ, ನಿಯಮದ ಹೊಡೆತಕ್ಕೆ ಒಂದು ಗುರಾಣಿ ಕಳೆದುಕೊಂಡಿದ್ದ. "ನಿಮ್ಮ ಮನೆಯವರಾಗಿದ್ರೂ ಹೀಗೇ ಮಾಡ್ತಿದ್ರಾ ಅಕ್ಕ?" ಎಂದು ಕೇಳಿದ್ದ. "ನಿಯಮ ಎಲ್ಲರಿಗೂ ಒಂದೇ" ಎಂದಿದ್ದಳು ಸೊಸೆ. ಇನ್ನೊಂದು ಸಲ ಹಾಗಾದರೆ ಅವನು ಉಳಿಯುವುದಿಲ್ಲ, ಜೊತೆಗೆ ಮೂವರನ್ನು ಎಬ್ಬಿಸಿಕೊಂಡು ಹೋಗುತ್ತಾನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಕರೆಯುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಅತ್ತೆ, ಬದಲಾಗಿ."

"ಈಗ ಬದಲಾದ್ರೆ ಕೊಡಲಿ..."

"ಅತ್ತೆ, ಬೇಗ."

ಗೋಡೆಯಾಚೆಯ ಸದ್ದು ಒಂದು ಉಸಿರಿನಷ್ಟು ಹೊತ್ತು ನಿಂತಿತು. ಮತ್ತೆ ಶುರುವಾದಾಗ ಅದರ ಓಟ ಬೇರೆಯಾಗಿತ್ತು. ಸೋರುತ್ತಿದ್ದ ಪ್ರಾಣಗಳು ಒಂದೊಂದಾಗಿ ಮೇಲೆದ್ದವು. ಇಪ್ಪತ್ತು ಸೆಕೆಂಡಿಗೆ ರಾಕ್ಷಸ ಬಿದ್ದ. ಅವನ ಪೆಟ್ಟಿಗೆಯಿಂದ ಬಂದದ್ದು, ಹಾಳಾದ್ದು, ಕೊಡಲಿಯೇ.

ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಮೊದಲು ಬಾಯಿ ಬಿಟ್ಟವನು ಬಸ್ ಡ್ರೈವರ್. ಹೊಡೆಯುವವರ ಸರದಿಯಲ್ಲಿ ಅತ್ತೆಯ ನಂತರದ ಹೆಸರು ಅವನದೇ.

"ಅಕ್ಕ, ನಿಯಮದ ಪ್ರಕಾರ ಇದು ನಂದು. ಆಂಟಿ ಮೇಲೆ ನನಗೇನೂ ಬೇಜಾರಿಲ್ಲ. ಆದ್ರೆ ನಾನೂ ಏಳು ತಿಂಗಳಿಂದ ಕಾಯ್ತಿದ್ದೀನಲ್ಲ."

"ಆಂಟಿ ಇಲ್ದಿದ್ರೆ ಯಾರಿಗೂ ಏನೂ ಸಿಗ್ತಿರ್ಲಿಲ್ಲ" ಎಂದ ಬೇಕರಿಯವನು, ಸತ್ತವನ ಸಣ್ಣ ದನಿಯಲ್ಲಿ.

"ಅವತ್ತು ನಾನಿಲ್ದಿದ್ರೂ ಸಿಗ್ತಿರ್ಲಿಲ್ಲ" ಎಂದ ಎಲೆಕ್ಟ್ರಿಷಿಯನ್. "ನನ್ನ ಗುರಾಣಿ ಹೋದಾಗ ಏನಂದಿದ್ರಿ ಅಕ್ಕ, ನೆನಪಿದೆ ಅಲ್ವಾ?"

ನೆನಪಿಲ್ಲದೆ ಏನು. ಅತ್ತೆಗೆ ಕೊಟ್ಟರೆ, ಮನೆಗೇ ಹಾಕಿಕೊಂಡಳು ಅನ್ನುತ್ತಾರೆ. ಅಲ್ಲಿಗೆ ಮೂರು ವರ್ಷದ ಹೆಸರು ಮಣ್ಣುಪಾಲು. ಡ್ರೈವರನಿಗೆ ಕೊಟ್ಟರೆ, ಬೆಳಿಗ್ಗೆ ಅತ್ತೆಗೆ ಕೊಟ್ಟ ಮಾತು ಎಲ್ಲಿಗೆ ಹೋಯಿತು? ಮೂರು ನಿಮಿಷ. ಎರಡೂವರೆ. ಅತ್ತೆಯೇ ಬೇಡ ಎಂದುಬಿಟ್ಟರೆ ಎಲ್ಲವೂ ಸಲೀಸು ಎಂಬ ಆಸೆ ಅವಳೊಳಗೆ ಮೂಡಿತು. ಇಷ್ಟು ದಿನ ಎಲ್ಲದಕ್ಕೂ ಹೋಗಲಿ ಬಿಡು ಎಂದವರು ಇದಕ್ಕೂ ಅಂದಾರು.

"ಅತ್ತೆ, ನೀವೇನಂತೀರಿ?" ಎಂದು ಎಲ್ಲರೆದುರೇ ಕೇಳಿದಳು.

ಉತ್ತರ ಮೊದಲು ಗೋಡೆಯಿಂದ ಬಂತು. "ನನ್ನ ಬಾಯಿಂದ ಬೇಡ ಅನ್ನಿಸೋಕೆ ನೋಡ್ಬೇಡ. ನನಗೆ ಬೇಕು."

ಎಡಬಿಡಂಗಿ ಆಂಟಿ ಬೇಕು ಎಂದದ್ದನ್ನು ಅವರಲ್ಲಿ ಒಬ್ಬರೂ ಕೇಳಿದವರಲ್ಲ.

"ಯಾರಿಗೆ ಅಂತ ಹೇಳೋದು ನಿನ್ನ ಕೆಲಸ. ನೀನೇ ಹೇಳು" ಎಂದರು ಅತ್ತೆ.

ನಲವತ್ತು ಸೆಕೆಂಡು ಉಳಿದಿದ್ದಾಗ ಸೊಸೆ ಡ್ರೈವರನ ಹೆಸರಿನ ಮೇಲೆ ಒತ್ತಿದಳು. ಒಮ್ಮೆ ಒಬ್ಬರ ಕೈ ಸೇರಿದರೆ ಈ ಆಟದಲ್ಲಿ ವಾಪಸ್ ಎಂಬುದಿಲ್ಲ. ಮುಂದಿನ ವಾರದಿಂದ ನಿಯಮ ಬದಲು, ಕರೆದಾಗ ಬದಲಾದವರಿಗೆ ಮೊದಲಿನ ಹಕ್ಕು ಹಾಗೇ ಉಳಿಯುತ್ತದೆ ಎಂದೂ ಹೇಳಿದಳು. ಡ್ರೈವರ್ ಧನ್ಯವಾದ ಹೇಳಿದ. ಎಲೆಕ್ಟ್ರಿಷಿಯನ್ ಕೂಡ, "ಒಪ್ಕೊಂಡೆ ಅಕ್ಕ. ಮನೆಯವರು ಅಂತ ನೋಡ್ಲಿಲ್ಲ ನೀವು" ಎಂದ. ಆ ಹೊಗಳಿಕೆ ಅವಳಿಗೆ ಚುಚ್ಚಿತು. ಹೆಡ್‌ಫೋನ್ ಕಿತ್ತಿಟ್ಟು ಆಚೆ ಕೋಣೆಗೆ ಹೋದಳು.

ಅತ್ತೆ ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮಂಡಿ ನೀವಿಕೊಳ್ಳುತ್ತಿದ್ದರು.

"ಹೊಟ್ಟೆಗೆ ಹಾಕ್ಕೊಳ್ಳಿ ಅತ್ತೆ. ನಿಯಮ ಹಾಗಿತ್ತು, ನಾನೇನು ಮಾಡ್ಲಿ?"

"ನಿಯಮದ ಮಾತು ಬಿಡು. ಅದಕ್ಕೆ ನಾನೂ ಕೈ ಎತ್ತಿದ್ದೆ. ಇದೊಂದು ಹೇಳು. ಬೇಕರಿಯವನು ಸತ್ತಾಗ ಆ ಎಲೆಕ್ಟ್ರಿಷಿಯನ್ನೂ ಇದ್ನಲ್ಲ. ನನ್ನನ್ನೇ ಯಾಕೆ ಕರೆದೆ?"

"ನಿಮ್ಮ ಕೈ ಚುರುಕು, ಅದಕ್ಕೇ..."

"ಸುಳ್ಳು ಬೇಡ."

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಸೊಸೆ ಎದುರು ವಾದಿಸುತ್ತಿದ್ದಳೇನೋ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಅವನನ್ನ ಕರೆದಿದ್ರೆ ದಂಡು ಬಿಟ್ಟು ಹೋಗ್ತಿದ್ದ. ನೀವು ಎಲ್ಲಿಗೂ ಹೋಗಲ್ಲ ಅಂತ ಗೊತ್ತಿತ್ತು."

"ಕರೆಯೋವಾಗ ಕೊಡಲಿ ನೆನಪಿತ್ತಾ?"

"ನೆನಪಿತ್ತು."

ತೊಡೆಯ ಮೇಲಿನ ಹೆಡ್‌ಫೋನಿನಿಂದ ಸಣ್ಣಗೆ ಮಾತು ಕೇಳಿಬರುತ್ತಿತ್ತು. ಅಕ್ಕನಂಥ ಲೀಡರ್ ಬೇರೆ ಯಾವ ದಂಡಿಗೂ ಸಿಗಲ್ಲ ಎಂದು ಯಾರೋ ಅನ್ನುತ್ತಿದ್ದರು.

"ಕೊಡಲಿ ಹೋಯ್ತು, ಹೋಗ್ಲಿ" ಎಂದರು ಅತ್ತೆ. "ಆದ್ರೆ ಅದು ನಿಯಮದಿಂದ ಹೋಯ್ತು ಅಂತ ಅವರೆಲ್ಲ ಅಂದ್ಕೊಂಡಿದ್ದಾರೆ. ನಿನ್ನನ್ನ ತಲೆ ಮೇಲೆ ಕೂರಿಸ್ಕೊಂಡಿದ್ದಾರೆ. ಈಗ ನನಗೆ ಹೇಳಿದ್ಯಲ್ಲ, ಅದನ್ನ ಅವರಿಗೂ ಹೇಳು."

ತಮ್ಮ ಹೆಡ್‌ಫೋನನ್ನೇ ಎತ್ತಿ ಚಾಚಿದರು. ಸೊಸೆಯ ಕೈ ಮುಂದಕ್ಕೆ ಬರಲಿಲ್ಲ. ಎಲೆಕ್ಟ್ರಿಷಿಯನ್ ಏನನ್ನುತ್ತಾನೆ, ಡ್ರೈವರ್ ಏನನ್ನುತ್ತಾನೆ, ಇನ್ನು ಮೇಲೆ ಅವಳು ಹಂಚಿದ್ದನ್ನು ಯಾರು ನಂಬುತ್ತಾರೆ? ಅತ್ತೆಯ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಸೊಸೆ ಹೆಡ್‌ಫೋನ್ ತೆಗೆದುಕೊಂಡು ತಲೆಗೆ ಹಾಕಿಕೊಂಡಳು. ಅದು ಇನ್ನೂ ಬೆಚ್ಚಗಿತ್ತು.

"ಒಂದು ನಿಮಿಷ, ಎಲ್ಲರೂ ಕೇಳಿ" ಅಂದಳು.

"ಹೇಳಿ ಎಡಬಿಡಂಗಿ ಆಂಟಿ" ಎಂದ ಡ್ರೈವರ್, ಪರದೆಯಲ್ಲಿ ಅತ್ತೆಯ ಹೆಸರು ಕಂಡು, ನಗುನಗುತ್ತ.

"ಆಂಟಿ ಅಲ್ಲ, ನಾನು. ಕೊಡಲಿ ಆಂಟಿದು. ಅದನ್ನ ನಿಯಮ ಕಿತ್ಕೊಳ್ಳಲಿಲ್ಲ, ನಾನು ಕಿತ್ಕೊಂಡೆ."

ಆಮೇಲೆ, ಅತ್ತೆಯ ಎದುರಿಗೇ ನಿಂತುಕೊಂಡು, ಹೇಗೆ ಎಂಬುದನ್ನು ಮೊದಲಿಂದ ಹೇಳತೊಡಗಿದಳು.