ಮೂರು ದೂರು

ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಸಂಧ್ಯಾರಾಣಿ ಆರು ವರ್ಷಗಳಿಂದ ‘ಬರಹಕಟ್ಟೆ’ ಎಂಬ ಬ್ಲಾಗ್ ತಾಣದಲ್ಲಿ ಬರೆಯುತ್ತಿದ್ದಳು. ವಾರಕ್ಕೊಂದು ಲೇಖನ, ಒಂದಕ್ಷರ ತಪ್ಪಿಲ್ಲದಂತೆ. ಓದುಗರು ಮಾತ್ರ ಯಾವತ್ತೂ ನಲವತ್ತು ದಾಟಿರಲಿಲ್ಲ. ಅವಳ ಅಚ್ಚುಕಟ್ಟುತನ ನೋಡಿ, ತಾಣ ನಡೆಸುವ ದಾವಣಗೆರೆಯ ರವಿಕುಮಾರ್ ಅವಳನ್ನು ಮೇಲ್ವಿಚಾರಕಿಯನ್ನಾಗಿ ಮಾಡಿದ್ದರು. ಸಂಬಳವಿಲ್ಲದ ಕೆಲಸ. ಬೈಗುಳ ಬರೆಯುವವರನ್ನು, ಬೇರೆಯವರ ಬರಹ ಕದ್ದು ಹಾಕುವವರನ್ನು ಗುರುತಿಸಿ ತಡೆಯಬೇಕಿತ್ತು.

ನೇತ್ರಾವತಿಯನ್ನು ಅಲ್ಲಿಗೆ ಕರೆತಂದವಳೂ ಅವಳೇ. ಬಿಳಿಚೋಡಿನ ಕುರಿಗಾರರ ಮನೆಯ ನೇತ್ರಾವತಿ ಜಗಳೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಹಿಂದೆ ಆ ಊರಿನ ಶಾಲೆಯಲ್ಲಿದ್ದಾಗ ಸಂಧ್ಯಾರಾಣಿ ಅವಳ ಹತ್ತಿರವೇ ಬ್ಲೌಸ್ ಹೊಲಿಸುತ್ತಿದ್ದಳು. ಅಳತೆ ತೆಗೆಯುತ್ತ ನೇತ್ರಾವತಿ ಆಡುವ ಮಾತು ಕೇಳಿ, ಇದನ್ನೆಲ್ಲ ಬರಿ ಎಂದು ಫೋನಿನಲ್ಲಿ ಖಾತೆ ತೆರೆದುಕೊಟ್ಟಳು. ಮೊದಲ ಹತ್ತು ಬರಹಗಳ ಕಾಗುಣಿತವನ್ನೂ ತಿದ್ದಿದಳು.

ಹನ್ನೊಂದನೆಯದನ್ನು ನೇತ್ರಾವತಿ ಯಾರಿಗೂ ತೋರಿಸದೆ ಹಾಕಿಬಿಟ್ಟಳು. ಸೊಕ್ಕೆಯ ಮುದುಕಿಯೊಬ್ಬಳು ತೀರಿಹೋದ ಮಗಳ ಬ್ಲೌಸುಗಳನ್ನು ತಂದು, ಇವನ್ನು ಬಿಚ್ಚಿ ನನ್ನ ಅಳತೆಗೆ ಹೊಲಿದುಕೊಡು ಎಂದು ಕೂತ ಕಥೆ ಅದು. ಎರಡು ದಿನದಲ್ಲಿ ಒಂಬತ್ತು ಸಾವಿರ ಜನ ಓದಿದರು. ಸಂಧ್ಯಾರಾಣಿಯೂ ಓದಿದಳು. ಮೂರು ಕಡೆ ಒತ್ತಕ್ಷರ ತಪ್ಪಿತ್ತು. ಕಥೆಯ ಬಗ್ಗೆ ಯೋಚಿಸಲು ಧೈರ್ಯವಾಗದೆ ಆ ಮೂರು ತಪ್ಪುಗಳನ್ನೇ ಹಿಡಿದುಕೊಂಡು ಕೂತಳು.

ಅಲ್ಲಿಂದಾಚೆಗೆ ಎದ್ದ ಕೂಡಲೇ ನೇತ್ರಾವತಿಯ ಓದುಗರ ಸಂಖ್ಯೆ ನೋಡುವುದು ಚಟವಾಯಿತು. ಸಂಖ್ಯೆ ಏರಿದ ದಿನ ತರಗತಿಯ ಮಕ್ಕಳಿಗೆ ಸುಮ್ಮನೆ ಬೈಗುಳ ಬೀಳುತ್ತಿತ್ತು. ಗಂಡ ಮಹಾಂತೇಶ್ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಹೆಂಡತಿಯ ಲೇಖನ ಒಂದನ್ನೂ ಓದದವನು ಊಟದ ಹೊತ್ತಿಗೆ, ಆ ಟೈಲರ್ ಹುಡುಗಿ ಬರೆದದ್ದನ್ನು ಮಂಡಿಯಲ್ಲೆಲ್ಲ ಓದುತ್ತಾರೆ ಎಂದ. ಅವಳು ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಬರಹಗಳು ನೂರು ದಾಟಿದ ಮೇಲೆ ನ್ಯಾಮತಿಯ ಸಾಹಿತ್ಯ ಗೋಷ್ಠಿಗೆ ನೇತ್ರಾವತಿಯನ್ನು ಕರೆದರು. ಸಂಧ್ಯಾರಾಣಿ ನಾಲ್ಕನೇ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಲಿಂದ ನೇತ್ರಾವತಿ ಅವಳನ್ನು ಎಬ್ಬಿಸಿ ನಿಲ್ಲಿಸಿ, “ಇವ್ರೇ ನೋಡ್ರಿ, ನನ್ನ ಕಾಗುಣಿತ ತಿದ್ದಿದ ಅಕ್ಕ” ಎಂದಳು. ಜನ ಚಪ್ಪಾಳೆ ಹೊಡೆದರು. ಪಕ್ಕದವರು, ನೀವೂ ಏನಾದರೂ ಬರೆಯುತ್ತೀರಾ ಎಂದು ಕೇಳಿದರು.

ಬರಹಕಟ್ಟೆಯಲ್ಲಿ ಒಂದು ನಿಯಮವಿತ್ತು. ಕೃತಿಚೌರ್ಯವೆಂದು ಮೂರು ಖಾತೆಗಳಿಂದ ದೂರು ಬಂದರೆ, ವಿಚಾರಣೆ ಮುಗಿಯುವವರೆಗೆ ಆ ಬ್ಲಾಗು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮರುದಿನ ಶಾಲೆಯ ವಿರಾಮದಲ್ಲಿ ಸಂಧ್ಯಾರಾಣಿ ತನ್ನ ಖಾತೆಯಿಂದ ಒಂದು ದೂರು ಕೊಟ್ಟಳು. ತನ್ನ ಲೇಖನಗಳಿಗೆ ಮೆಚ್ಚುಗೆ ಒತ್ತಲೆಂದು ಗಂಡನ ಹೆಸರಲ್ಲಿ ತೆರೆದಿದ್ದ ಖಾತೆಯಿಂದ ಇನ್ನೊಂದು, ಶಾಲೆಯ ಗೋಡೆಪತ್ರಿಕೆಯ ಖಾತೆಯಿಂದ ಮತ್ತೊಂದು. ನೂರ ಹನ್ನೆರಡು ಬರಹಗಳು ಒಮ್ಮೆಲೇ ಮಾಯವಾದವು. ಬೆಲ್ ಹೊಡೆಯಿತು. ಅವಳು ತರಗತಿಗೆ ಹೋಗಿ ಸಮಾಸ ಕಲಿಸಿದಳು.

ಸಂಜೆ ನೇತ್ರಾವತಿಯ ಫೋನ್ ಬಂತು. “ಅಕ್ಕಾ, ನಾನು ಯಾರ್ದೋ ಕದ್ದೀನಂತೆ. ಓದಿರೋದೇ ಎಸ್ಸೆಸ್ಸೆಲ್ಸಿ, ಯಾರ್ದನ್ನ ಕದಿಯಾಕೆ ಹೋಗ್ಲಿ? ಮೇಲ್ಮನವಿ ಬರೀಬೇಕಂತೆ. ನಂಗೆ ಹಂಗೆಲ್ಲ ಬರೆಯಾಕೆ ಬರಲ್ಲ, ನೀವೇ ಬರ್ದು ಕೊಡ್ರಿ.”

ಸಂಧ್ಯಾರಾಣಿ ಹೂಂ ಎಂದಳು. ಬರೆದಳು. ಬರೆಯುತ್ತ ಬರೆಯುತ್ತ ತನ್ನ ಕೈ ಎಂಥದೆಂದು ರವಿಕುಮಾರ್ ನೋಡಲಿ ಎನಿಸಿ, ವಾಕ್ಯಗಳನ್ನು ಉಜ್ಜಿ ಉಜ್ಜಿ ಹೊಳಪು ಕೊಟ್ಟಳು. ನಾಲ್ಕು ದಿನ ಬಿಟ್ಟು ರವಿಕುಮಾರ್ ಅವರ ತೀರ್ಪು ಬಂತು. ಮನವಿಯ ಭಾಷೆಗೂ ಬ್ಲಾಗಿನ ಭಾಷೆಗೂ ತಾಳೆಯಾಗುವುದಿಲ್ಲ, ಬರಹಗಳು ಬೇರೆಯವರವೆಂಬ ಅನುಮಾನ ಗಟ್ಟಿಯಾಗಿದೆ, ಖಾತೆ ಶಾಶ್ವತವಾಗಿ ರದ್ದು.

ಅದನ್ನು ಓದಿದ ಕ್ಷಣ ಸಂಧ್ಯಾರಾಣಿಯ ಎದೆ ಹಗುರವಾಯಿತು. ಆ ಹಗುರ ಅವಳಿಗೇ ಹೆದರಿಕೆ ಹುಟ್ಟಿಸಿತು. ನೇತ್ರಾವತಿ ಫೋನ್ ಮಾಡಿದಳು. ಬರೆದದ್ದನ್ನು ಬೇರೆಲ್ಲೂ ಇಟ್ಟುಕೊಂಡಿಲ್ಲವೆಂದಳು. ಬ್ಲೌಸಿನ ಕಥೆಯನ್ನು ಮತ್ತೆ ಬರೆಯಲು ಕೂತರೆ ಮೊದಲಿನಂತೆ ಬರುತ್ತಿಲ್ಲವೆಂದಳು.

ಮುಚ್ಚಿದ ಬರಹಗಳು ಮೇಲ್ವಿಚಾರಕರಿಗೆ ಕಾಣುತ್ತಿದ್ದವು. ಭಾನುವಾರ ಸಂಧ್ಯಾರಾಣಿ ನೂರ ಹನ್ನೆರಡನ್ನೂ ಓದಿದಳು. ಕೆಮ್ಮು ಕೇಳಿಯೇ ಇದು ಯಾವ ಕುರಿ ಎಂದು ಹೇಳುವ ನೇತ್ರಾವತಿಯ ಅವ್ವ ಅಜ್ಜಮ್ಮ, ಮದುವೆಗೆ ಒಂದೇ ಥರದ ರವಿಕೆ ಬೇಕೆಂದು ಬಂದು ಅಂಗಡಿಯಲ್ಲೇ ಜಗಳಾಡಿದ ಓರಗಿತ್ತಿಯರು. ಒಂದೊಂದು ಓದಿದಾಗಲೂ ಹೊಟ್ಟೆಯೊಳಗಿನ ಉರಿ ಹೆಚ್ಚಾಯಿತು. ಈಗ ಇವನ್ನು ಲೋಕದಲ್ಲಿ ತಾನೊಬ್ಬಳೇ ಓದುತ್ತಿದ್ದೇನೆ ಎಂಬುದು ಹೊಳೆಯಿತು. ಹೊಸ ಪುಟ ತೆರೆದು ಮುದುಕಿಯ ಕಥೆಯ ಮೊದಲ ಸಾಲು ಬೆರಳಚ್ಚಿಸಿದಳು. ಗುರುತು ಸಿಗದಿರಲೆಂದು ಒಂದು ಪದ ಬದಲಾಯಿಸಿದಳು, ಮತ್ತೊಂದನ್ನು ಗ್ರಾಂಥಿಕ ಮಾಡಿದಳು. ಸಾಲು ಸತ್ತುಹೋಯಿತು. ಅದು ಥೇಟ್ ಅವಳದೇ ಲೇಖನದ ಸಾಲಿನಂತೆ ಕಾಣತೊಡಗಿತು.

ಆ ಸಾಲನ್ನು ಅಳಿಸಿ, ರವಿಕುಮಾರ್‌ಗೆ ಫೋನ್ ಮಾಡಿದಳು. ಮೂರೂ ತಾನೇ ಕೊಟ್ಟ ಸುಳ್ಳು ದೂರು, ಮನವಿ ಬರೆದವಳೂ ತಾನೇ ಎಂದಳು. ಯಾಕೆ ಹೀಗೆ ಮಾಡಿದಿರಿ ಎಂದು ಅವರು ಕೇಳಿದರು.

“ಹೊಟ್ಟೆಕಿಚ್ಚು ಸರ್” ಎಂದಳು.

ಮರುದಿನವೇ ನೇತ್ರಾವತಿಯ ಬ್ಲಾಗು ತೆರೆದುಕೊಂಡಿತು. ಸಂಧ್ಯಾರಾಣಿಯ ಮೇಲ್ವಿಚಾರಣೆಯ ಕೆಲಸ ಹೋಯಿತು, ಮೂರು ಖಾತೆಗಳೂ ರದ್ದಾದವು. ಆರು ವರ್ಷದ ಲೇಖನಗಳು ಹೋದದ್ದನ್ನು ಯಾರೂ ವಿಚಾರಿಸಲಿಲ್ಲ. ದೂರು ಕೊಟ್ಟವರ ಹೆಸರು ಹೇಳುವ ಪದ್ಧತಿ ತಾಣದಲ್ಲಿರಲಿಲ್ಲ. ಅವಳೇ ರಜೆ ಹಾಕಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗಿ, ಹೊಲಿಗೆ ಯಂತ್ರದ ಎದುರು ನಿಂತು ಎಲ್ಲವನ್ನೂ ಹೇಳಿದಳು.

ನೇತ್ರಾವತಿ ತುಳಿಯುವುದನ್ನು ನಿಲ್ಲಿಸಿದಳು. ಸೂಜಿಯ ಕೆಳಗಿನ ಬಟ್ಟೆ ಬಿಡಿಸಿಕೊಂಡು ಮಡಚಿದಳು.

“ನೀವು ಹೊಟ್ಟೆಕಿಚ್ಚು ಪಡೋವಷ್ಟು ಚೆಂದ ಐತಾ ಅಕ್ಕಾ, ನಾನು ಬರ್ದಿದ್ದು?”

“ಐತೆ” ಎಂದಳು ಸಂಧ್ಯಾರಾಣಿ.

“ಇದನ್ನ ಒಂದ್ಸಲ ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು. ನಾನು ಕಾಯ್ತಿದ್ದೆ.” ಮಡಚಿದ ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗಿಟ್ಟು, “ಈಗ ಹೋಗ್ರಿ, ನಂಗೆ ಕೆಲಸ ಐತೆ” ಎಂದಳು.

ಮತ್ತೆ ನೇತ್ರಾವತಿ ಫೋನ್ ಮಾಡಲಿಲ್ಲ. ಖಾತೆ ಇಲ್ಲದವರೂ ಬ್ಲಾಗು ಓದಬಹುದಾದ್ದರಿಂದ ಸಂಧ್ಯಾರಾಣಿ ಈಗಲೂ ಓದುತ್ತಾಳೆ. ಹೊಸ ಬರಹ ಬಂದ ದಿನ ಅದೇ ಸಂಕಟ ಎದೆಗೆ ಬಂದು ಕೂರುತ್ತದೆ. ಅದನ್ನು ಕೂರಲು ಬಿಟ್ಟು, ಕೊನೆಯ ಸಾಲಿನವರೆಗೂ ಓದುತ್ತಾಳೆ.